ಮಾಸ್ಟರು ಎಸೆದ ಚಿಂದಿ

ಎರಡು ಸಲ ಅಳೆಯದೆ ಕತ್ತರಿ ಎತ್ತಿದ ಮನುಷ್ಯರಲ್ಲ ಆ ಟೈಲರ್ ಮಾಸ್ಟರು. ಆದರೆ ಎರಡು ವರ್ಷದಿಂದ ಟೇಪಿನ ಅಂಕಿಗಳೇ ಕಣ್ಣಿಗೆ ಹತ್ತುತ್ತಿರಲಿಲ್ಲ. ಇನ್ನು ಕನ್ನಡಕ ಬದಲಿಸಿ ಪ್ರಯೋಜನವಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಈ ಗುಟ್ಟು ಹೆಂಡತಿಗೆ ಮಾತ್ರ ಗೊತ್ತು. ಕತ್ತರಿಸುವ ಮೇಜಿನ ಮೇಲೆ ಇಂಚಿಗೊಂದರಂತೆ ದಪ್ಪ ಗೆರೆ ಎಳೆದುಕೊಟ್ಟವಳೂ ಅವಳೇ. ಹೊಸ ಗಿರಾಕಿ ಬಂದರೆ ಕೈತುಂಬ ಕೆಲಸವಿದೆ ಎಂದು ಸಾಗಹಾಕುವುದು; ಹಳಬರು ಬಂದರೆ, "ನಿಮ್ಮ ಅಳತೆ ನನ್ನ ಹತ್ರ ಇದೆ ಬಿಡಿ" ಎಂದು ಬಟ್ಟೆ ತೆಗೆದುಕೊಳ್ಳುವುದು. ಇಷ್ಟರಲ್ಲಿ ಮಾನ ಉಳಿದಿತ್ತು.

ಆ ಅಳತೆಗಳೆಲ್ಲ ಇದ್ದದ್ದು ಅಂಗಡಿ ಮೂಲೆಯ ಮುದಿ ಕಂಪ್ಯೂಟರಿನಲ್ಲಿ. ಮದುವೆಗೆ ಮುಂಚೆ ಮಗಳು ಇಪ್ಪತ್ತೆರಡು ವರ್ಷದ ನೋಟುಬುಕ್ಕುಗಳನ್ನು ದಪ್ಪಕ್ಷರದಲ್ಲಿ ಟೈಪು ಮಾಡಿಕೊಟ್ಟಿದ್ದಳು. ಗೆದ್ದಲು ಹಿಡಿದ ಪುಸ್ತಕಗಳು ರದ್ದಿಗೆ ಹೋದವು. ಈಗ ಆ ಕಂಪ್ಯೂಟರು ತೆರೆದುಕೊಳ್ಳುವಷ್ಟರಲ್ಲಿ ಹೆಂಡತಿ ಒಂದು ಷರ್ಟಿನ ಗುಂಡಿಗಳನ್ನೆಲ್ಲ ಹಚ್ಚಿ ಮುಗಿಸುತ್ತಿದ್ದಳು.

"ಓಪನ್ ಸೋರ್ಸ್ ಸಿಸ್ಟಮ್ ಹಾಕ್ಕೊಳ್ಳಿ ಭಾವ. ಪುಕ್ಕಟೆ. ಹಳೇ ಮಷೀನೂ ಓಡುತ್ತೆ" ಎಂದ ಹೆಂಡತಿಯ ತಮ್ಮ, ಫೋನಿನಲ್ಲಿ. ಹೇಳುವವನಿಗೇನು, ಬಾಯಿ ನೋಯುತ್ತದೆಯೇ?

ಮಾಸ್ಟರು ಮೊದಲು ಅಳತೆಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡರು. ಜಾಣತನವೇ. ಆಮೇಲೆ ಹೊಸ ಸಿಸ್ಟಮನ್ನೂ ಅದೇ ಪೆನ್‌ಡ್ರೈವಿಗೆ ಹಾಕಿದರು. ಒಂದು ಜೇಬಿನಲ್ಲಿ ಎರಡು ವಸ್ತು ಹಿಡಿಸುವುದಿಲ್ಲವೇ ಎಂಬುದು ಅವರ ಲೆಕ್ಕ. ಹಾಗೆ ಹಾಕಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬ ಸಣ್ಣಕ್ಷರದ ಎಚ್ಚರಿಕೆ ಅವರಿಗೆ ಕಾಣಲೇ ಇಲ್ಲ.

ಭೂತಗನ್ನಡಿ ಹಿಡಿದು ಮುಂದುವರಿದಾಗ ಡಿಸ್ಕಿನ ಭಾಗಗಳ ಚಿತ್ರ ಬಂತು. ದೊಡ್ಡದೊಂದು, ಅಂಚಿನಲ್ಲಿ ಬೆರಳಗಲದ್ದೊಂದು. ಟೈಲರನ ಕೈ ಸುಮ್ಮನಿರುತ್ತದೆಯೇ? ಚಿಂದಿ ಎಂದುಕೊಂಡು ಚಿಕ್ಕದನ್ನು ಅಳಿಸಿಬಿಟ್ಟರು. ಕಂಪ್ಯೂಟರನ್ನು ಎಬ್ಬಿಸುವ ಬೂಟ್ ಫೈಲುಗಳು ಇದ್ದದ್ದು ಅದರಲ್ಲೇ.

ಮೂರು ದಿನ ಕಪ್ಪು ಪರದೆ. ಬೂಟ್ ಮಾಡಲು ಏನೂ ಸಿಗಲಿಲ್ಲ ಎಂಬ ಒಂದೇ ಸಾಲು. ಫೋನಿನಲ್ಲಿ ಸಿಕ್ಕ ಸೂಚನೆಗಳನ್ನು ಅಕ್ಷರ, ಚಿಹ್ನೆ ಬಿಡದೆ ಹೆಂಡತಿ ಓದುವಳು, ಇವರು ಕೀಲಿ ಒತ್ತುವರು.

"ಓರೆ ಗೆರೆ ಎಡಕ್ಕೆ ವಾಲಿದೆಯೋ ಬಲಕ್ಕೋ, ಸರಿಯಾಗಿ ನೋಡೇ."

"ಗೆರೆ ಗೆರೇನೇ ಅಲ್ವೇನ್ರೀ?"

ಮತ್ತೆ ಅದೇ ಸಾಲು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಾಲ್ಕನೆಯ ದಿನ ಭಾವಮೈದ ಹೇಳಿದ: "ಇಡೀ ಡಿಸ್ಕ್ ಅಳಿಸಿ ಹೊಸದಾಗಿ ಹಾಕ್ಬಿಡಿ ಭಾವ, ಬೂಟ್ ಫೈಲು ತಾನಾಗೇ ಬರುತ್ತೆ. ಅಳತೆಗಳ ಕಾಪಿ ಇದೆ ತಾನೇ?"

"ಪೆನ್‌ಡ್ರೈವಲ್ಲೇ ಇದೆಯಪ್ಪ."

ಡಿಸ್ಕನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದ ಮೇಲೆ ಕಂಪ್ಯೂಟರು ಕ್ಷಣದಲ್ಲಿ ಎದ್ದಿತು. ಮಾಸ್ಟರು ಚಪ್ಪಾಳೆ ತಟ್ಟಿದರು, ಪಾಪ. ಪೆನ್‌ಡ್ರೈವನ್ನು ತೆರೆದು ಹುಡುಕಿದರು. ಹೆಂಡತಿಯೂ ಬಗ್ಗಿ ಒಂದೊಂದಾಗಿ ಓದಿದಳು.

"ನಮ್ದು ಒಂದೂ ಇಲ್ಲಾರೀ."

ಮಾಸ್ಟರಿಗೆ ಅಳು ಬಂತು. ಅತ್ತರು ಕೂಡ.

ಮಾರನೆಯ ಬೆಳಿಗ್ಗೆ ಅಂಚೆಯವರು ಬಂದರು, ಇಪ್ಪತ್ತು ವರ್ಷದ ಗಿರಾಕಿ. "ಒಂದು ಷರ್ಟು ಮಾಸ್ಟ್ರೇ. ಅಳತೆ ಹೇಗೂ ನಿಮ್ಮ ಹತ್ರ ಇದೆಯಲ್ಲ" ಎಂದು ಬಟ್ಟೆಯನ್ನು ಮೇಜಿನ ಮೇಲಿಟ್ಟರು.

"ಸ್ವಲ್ಪ ಮೈ ಬಂದಿದೆ ನಿಮಗೆ. ಹೊಸದಾಗೇ ತಗೊಳ್ಳೋಣ" ಎಂದು ಮಾಸ್ಟರು ಎದ್ದರು. ಎದೆಗೆ ಟೇಪು ಸುತ್ತಿ, ಬಗ್ಗಿ, ಹಳೆಯ ಠೀವಿಯಲ್ಲೇ ಕೂಗಿದರು: "ಮೂವತ್ತೆಂಟು. ಬರ್ಕೊಳ್ಳೇ."

ಅಂಚೆಯವರು ತಲೆ ತಗ್ಗಿಸಿ ಟೇಪನ್ನು ನೋಡಿದರು. ಆಮೇಲೆ ಮಾಸ್ಟರ ಮುಖ ನೋಡಿದರು.

"ನಲವತ್ತೆರಡು ಅಂತಿದೆ, ಮಾಸ್ಟ್ರೇ" ಎಂದರು ಮೆಲ್ಲಗೆ.

ಹೆಂಡತಿ ಪೆನ್ನು ಕೆಳಗಿಟ್ಟಳು. ಅಂಚೆಯವರು ಬಟ್ಟೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು.