ಟಿವಿಯೊಳಗಿನ ಆಯಿ, ಮನೆಯೊಳಗಿನ ಆಯಿ

ಹುಕ್ಕೇರಿಯ ಮನೆಯಲ್ಲಿ ಟಿವಿ ಹೊಲಿಗೆ ಯಂತ್ರದ ಮೇಲಿತ್ತು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೊಲಿಗೆ ಯಂತ್ರ ಬಂದದ್ದು ಟಿವಿ ಬಂದ ಎಷ್ಟೋ ವರ್ಷಗಳ ಮೇಲೆ ಎಂದು ಅಪ್ಪ ಹೇಳುತ್ತಾರೆ. ಅವರು ಹೇಳುವುದೇ ಸರಿ ಇರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಯಂತ್ರದ ಮೇಲೆ ಕೂತ ಟಿವಿಯೇ, ಅದರ ಕೆಳಗಿನ ಕಾಲು ತುಳಿಯುವ ಕಬ್ಬಿಣದ ಜಾಲರಿಯೇ. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ಯಾವುದು ನಡೆದದ್ದು, ಯಾವುದು ನಾನು ಆಮೇಲೆ ತಂದಿಟ್ಟದ್ದು ಎಂದು ಎಲ್ಲ ಕಡೆ ಬೇರೆ ಮಾಡಿ ತೋರಿಸಲಾರೆ. ದಿನಚರಿ ಬರೆಯುವ ಚಟ ಹತ್ತಿದ್ದು ಧಾರವಾಡಕ್ಕೆ ಎಂ.ಎ. ಓದಲು ಹೋದ ಮೇಲೆ. ಅದಕ್ಕೂ ಹಿಂದಿನದಕ್ಕೆಲ್ಲ ನನ್ನ ತಲೆಯೊಂದೇ ಸಾಕ್ಷಿ. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ನಾನು ಗೋಕಾಕದಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಈ ಸಲದ ಬೇಸಿಗೆ ರಜೆಯಲ್ಲಿ ಅರ್ಧ ಉತ್ತರಪತ್ರಿಕೆ ತಿದ್ದುವುದಕ್ಕೆ ಹೋಯಿತು. ಉಳಿದದ್ದು ಫಾಲ್ಸ್ ನೋಡಲು ಬಂದ ನೆಂಟರ ಚಹಾ, ರೊಟ್ಟಿ, ಹಾಸಿಗೆಗೆ. ಬೇಸಿಗೆಯಲ್ಲಿ ಅಲ್ಲಿ ನೀರಿರುವುದಿಲ್ಲ, ಬರೀ ಬಂಡೆ ಎಂದು ಫೋನಿನಲ್ಲಿ ಎಷ್ಟು ಹೇಳಿದರೂ ಬರುತ್ತಾರೆ. ಬಂದು ಬಂಡೆಯನ್ನೇ ನೋಡಿ, ಉಂಡು, ಮಲಗಿ ಹೋಗುತ್ತಾರೆ. ಓದಬೇಕೆಂದು ತೆಗೆದಿಟ್ಟ ಪುಸ್ತಕಗಳು ಮಂಚದ ಬದಿಯ ಸ್ಟೂಲಿನ ಮೇಲೇ ಇದ್ದವು. ಎಲ್ಲಕ್ಕಿಂತ ಮೇಲಿದ್ದ ಕಾದಂಬರಿಯ ರಟ್ಟಿನ ಮೇಲೆ ಯಾರೋ ಬಿಸಿ ಲೋಟ ಇಟ್ಟು ದುಂಡಗೆ ಕಲೆ ಮಾಡಿದ್ದರು.

ಕಾಕು ಬಂದದ್ದು ಆ ಗದ್ದಲ ಮುಗಿದ ಮೇಲೆ. ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಘಟಪ್ರಭೆಯ ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸಿಕೊಂಡು, ಹಾಗೇ ನಮ್ಮಲ್ಲಿ ಕೆಲವು ದಿನ ಇದ್ದು ಹೋಗುವುದೆಂದು ಹುಕ್ಕೇರಿಯಿಂದ ಬಂದಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ ಬೇ, ಸೂಟಿ ಐತಿ ಅಂದಿದ್ದಿ. ಮಾರಿ ನೋಡಿದ್ರ ಸುಗ್ಗಿ ಮುಗಿಸಿ ಬಂದಾಕಿ ಕಂಡಂಗ ಕಾಣ್ತೈತಿ.”

“ಸೂಟಿ ನನಗಲ್ಲ ಕಾಕು, ಬಂದವರಿಗೆ.”

ಅವಳು ನಕ್ಕಳು. ನಗು ನಿಂತ ಮೇಲೆ, “ಯಾವಾಗಿದ್ರೂ ಹಂಗ ಅದು” ಎಂದು ನನ್ನ ಕೈಯಿಂದ ಲಟ್ಟಣಿಗೆ ತೆಗೆದುಕೊಳ್ಳಲು ಬಂದಳು. ನಾನು ಕೊಡಲಿಲ್ಲ.

ನಾವು ಸಣ್ಣವರಿದ್ದಾಗ ಮೂಡಲಗಿಯಲ್ಲಿದ್ದೆವು. ಅಪ್ಪನ ನೌಕರಿ ಅಲ್ಲಿ. ಪರೀಕ್ಷೆ ಮುಗಿದ ಕೂಡಲೇ ಚೀಲ ಕಟ್ಟಿಕೊಂಡು, ಗೋಕಾಕದಲ್ಲಿ ಬಸ್ಸು ಬದಲಿಸಿ, ಹುಕ್ಕೇರಿಯ ಹಿರಿಯರ ಮನೆಗೆ ಹೋಗಿಬಿಡುತ್ತಿದ್ದೆವು. ಸಾಲಿ ತೆರೆಯುವವರೆಗೂ ಅಲ್ಲೇ. ಅತ್ತೆಯಂದಿರ ಮಕ್ಕಳೂ ಬರುತ್ತಿದ್ದರು. ಅಷ್ಟು ಜನರಿಗೆ ರೊಟ್ಟಿ ಬಡಿಯುವವಳು, ಶಾವಿಗೆ ಒಣಗಿಸುವವಳು, ಶೀಕರಣಿಗೆ ಮಾವಿನ ಹಣ್ಣು ಹಿಂಡುವವಳು ಕಾಕು. ಮನೆಯ ಯಜಮಾನಿಕೆ ಆಯಿಯದು. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ.

ಕಾಕುವಿನ ತವರು ಸಂಕೇಶ್ವರ ದಾಟಿ ಮಹಾರಾಷ್ಟ್ರದ ಒಳಗೆ ಸ್ವಲ್ಪ ದೂರ. ಮನೆಯಲ್ಲಿ ಕನ್ನಡ ಮಾತಾಡಿದರೂ ಸಾಲಿ ಕಲಿತದ್ದು ಮರಾಠಿಯಲ್ಲಿ, ಹಾಗಾಗಿ ಕನ್ನಡ ಅಕ್ಷರ ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಆಗ ಮರಾಠಿ ತಿಳಿಯುತ್ತಿರಲಿಲ್ಲ. ಇದರಿಂದ ನಮ್ಮಿಬ್ಬರ ನಡುವೆ ಒಂದು ಕೊಡು-ಕೊಳ್ಳು ಶುರುವಾಯಿತು. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವಾಗ ನಾನು ಒಲೆಯ ಬಾಜೂ ಕೂತು ವಾಚನಾಲಯದಿಂದ ತಂದ ಕಾದಂಬರಿ ಓದಿ ಹೇಳಬೇಕು. ಮಧ್ಯಾಹ್ನ ಅವಳು ಮರಾಠಿ ಧಾರಾವಾಹಿಯನ್ನು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ವರ್ಣನೆ ಬಂದಲ್ಲಿ ನಾನು ಪುಟ ಹಾರಿಸುತ್ತಿದ್ದೆ. ರೊಟ್ಟಿಯ ಸಪ್ಪಳ ಅಲ್ಲೇ ನಿಲ್ಲುತ್ತಿತ್ತು.

“ಈಗರ ಮಳಿ ಹೊಡ್ಯಾಕತ್ತಿತ್ತಲ್ಲ, ಅಷ್ಟರಾಗ ಅಂಗಳ ಒಣಗಿತೇನ?”

“ನಿಂತಿತು ಕಾಕು ಮಳಿ.”

“ನೀ ನಿಲ್ಲಿಸಿದಿ. ಹಿಂದಕ್ಕ ಹೋಗು.”

ಧಾರಾವಾಹಿ ನೋಡುವಾಗ ಅವಳನ್ನು ಹೀಗೆ ಹಿಡಿಯುವ ದಾರಿ ನಮಗಿರಲಿಲ್ಲ. ಕೇಬಲ್ಲಿನಲ್ಲಿ ಮರಾಠಿ ಚಾನೆಲ್ಲುಗಳೇ ಹೆಚ್ಚು. ಅದರಲ್ಲಿ ಮಧ್ಯಾಹ್ನ ಬರುತ್ತಿದ್ದ ಒಂದು ಅತ್ತೆ-ಸೊಸೆಯ ಕತೆಗೆ ಆಯಿ ಮನಸೋತಿದ್ದಳು. ಆ ಅತ್ತೆ ದೊಡ್ಡ ಮುತ್ತಿನ ನತ್ತು ಹಾಕುತ್ತಿದ್ದಳು. ಆಯಿಯ ಬಾಯಲ್ಲಿ ಅವಳ ಹೆಸರೇ ‘ನತ್ತಿನಾಕಿ’. ಆದರೆ ಮಾತು ತನಗೆ ತಿಳಿಯುವುದಿಲ್ಲ ಎಂದು ಆಯಿ ಗೋಡೆಗೆ ಒರಗಿ ಕೂತು ನಿಮಿಷಕ್ಕೊಮ್ಮೆ, “ಏನಂದ್ಲ? ಈಗೇನಂದ್ಲ?” ಎಂದು ಕೇಳುತ್ತಿದ್ದಳು. ಕಾಕು ಶಾವಿಗೆಯನ್ನೋ ಬೆಳ್ಳುಳ್ಳಿಯನ್ನೋ ಮುಂದಿಟ್ಟುಕೊಂಡು ಕೂತು ಹೇಳುತ್ತಿದ್ದಳು. ಇಡೀ ದಿನದಲ್ಲಿ ಅವಳು ಕೂರುತ್ತಿದ್ದ ಹೊತ್ತು ಬಹುಶಃ ಅದೊಂದೇ.

ಮೊದಮೊದಲು ಒಂದು ಗೊಂದಲವಾಗಿತ್ತು. ಟಿವಿಯ ಸೊಸೆ “ಆಯಿ” ಎಂದು ಕರೆದರೆ ನಮ್ಮ ಆಯಿ “ಏನವಾ?” ಎನ್ನುತ್ತಿದ್ದಳು. ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. “ಅತ್ತಿನ್ನ ಹಿಡದ ಅಜ್ಜಿ ಅಂತಾಳಲ್ಲ, ಅಷ್ಟ ವಯಸ್ಸಾಗೈತೇನ ನತ್ತಿನಾಕಿಗೆ?” ಎಂದು ಆಯಿ ಕೇಳಿದಾಗ ಕಾಕು ತಿಳಿಸಿ ಹೇಳಿದಳು. ಆ ಕಡೆ ಆಯಿ ಎಂದರೆ ಅವ್ವ. ಅತ್ತೆಗೂ ಹಾಗೇ ಕರೆಯುವುದುಂಟು. ಆಯಿ ಅದನ್ನು ಕೇಳಿ, “ಛಲೋ ಐತಿ ಬಿಡ” ಎಂದಿದ್ದಳು. ಇದು ನಿಜ. ಇದಕ್ಕೆ ಮನೆಯಲ್ಲಿ ಇನ್ನೂ ಇಬ್ಬರು ಸಾಕ್ಷಿ ಇದ್ದಾರೆ.

ಕಾಕುವಿಗೆ ಒಂದು ಆಸೆ ಇತ್ತು. ಅವಳ ತವರಿನಲ್ಲಿ ಅಕ್ಕತಂಗಿಯರೆಲ್ಲ ಸೇರುತ್ತಿದ್ದದ್ದು ಮೇ ತಿಂಗಳಲ್ಲಿ. ಇವಳು ಹೋಗುತ್ತಿದ್ದದ್ದು ಶ್ರಾವಣದ ನಾಗರ ಪಂಚಮಿಗೆ. ಅಷ್ಟರಲ್ಲಿ ಎಲ್ಲರೂ ಬಂದು ಹೋಗಿರುತ್ತಿದ್ದರು. ಮದುವೆಯಾದಾಗಿನಿಂದ ಅಕ್ಕತಂಗಿಯರ ಜೊತೆ ಒಂದು ಸೂಟಿಯೂ ಕಳೆದಿರಲಿಲ್ಲ. ಆ ವರ್ಷ ಅವಳು ಆಯಿಯನ್ನು ಕೇಳಿದ್ದು ನನ್ನ ಎದುರಿಗೇ.

“ಅತ್ತೀ, ಈ ಸೂಟ್ಯಾಗ ನಾನೂ ನಾಕ ದಿನ ಊರಿಗೆ ಹೋಗಿ ಬರ್ಲೇನ್ರಿ?”

“ಹುಡುಗೂರು ಬಂದಾವು. ಅವೇನ ಉಪವಾಸ ಕುಂಡ್ರತಾವೇನ?”

ಮಾತು ಅಲ್ಲಿಗೆ ಮುಗಿಯಿತು. ನಾನು ಪುಸ್ತಕದಿಂದ ತಲೆ ಎತ್ತಿದ್ದೆನೋ ಇಲ್ಲವೋ.

ಅದಾದ ಕೆಲವೇ ದಿನಕ್ಕೆ ಧಾರಾವಾಹಿಯಲ್ಲಿ ಸೊಸೆ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಕಣ್ಣಲ್ಲಿ ನೀರು ಧಾರಾಕಾರ. ನತ್ತಿನಾಕಿ ಕೈ ಚಾಚಿ ಏನೋ ಕೂಗುತ್ತಿದ್ದಳು.

“ಏನಾತ? ಯಾಕ ಚೀಲ ಹಿಡಕೊಂಡ ನಿಂತಾಳ?” ಎಂದಳು ಆಯಿ.

ಕಾಕು ಶಾವಿಗೆಯಿಂದ ಕಣ್ಣು ಎತ್ತಲಿಲ್ಲ. “ತವರಿಗೆ ಹೊಂಟಾಳರಿ. ಸೂಟಿಗೆ.”

“ಮತ್ತ ಅಳೂದ್ಯಾಕ?”

“ಅತ್ತಿನ್ನ ಬಿಟ್ಟ ಹೋಗಾಕ ಮನಸ ಬರವಲ್ದಂತರಿ.”

“ಅತ್ತಿ ಒದರಾಕತ್ತಾಳಲ್ಲ ಬಾಗಲದ ಕಡೆ ಕೈ ಮಾಡಿ?”

“ಒದರೂದಲ್ಲರಿ ಅದು. ಲಗೂನ ಹೊಂಡು, ಬಸ್ಸ ತಪ್ಪತೈತಿ ಅನ್ನಾಕತ್ತಾಳ.”

“ಆಯಿ, ಆಯಿ ಅಂತ ಹಲಬತಾಳಲ್ಲ ಹುಡುಗಿ?”

“ಅವ್ವನ ನೆನಸ್ಯಾಳರಿ. ಆಯಿ ಅಂದ್ರ ಅವ್ವ ಅಲ್ಲರಿ?”

“ಅತ್ತಿಗೂ ಅಂತಾರ ಅಂದಿದ್ಯಲ್ಲ ನೀ.”

“ಅತ್ತಿಗೂ ಅಂತಾರರಿ. ಈಗ ಅಂದದ್ದು ಅವ್ವಗ.”

ಜಾಹೀರಾತು ಬಂತು. ಆಯಿ ಸೆರಗಿನಿಂದ ಗಾಳಿ ಹಾಕಿಕೊಂಡಳು. ಆಮೇಲೆ ಹೇಳಿದ ಮಾತು ನಮ್ಮ ಮನೆಯಲ್ಲಿ ಎಷ್ಟೋ ವರ್ಷ ನಗೆಯ ಮಾತಾಗಿ ಓಡಾಡಿತು.

“ಆ ನತ್ತಿನಾಕಿ ಕಳಸ್ತಾಳಂದ್ರ ನಾ ಆಕಿಗಿಂತ ಕಡಿಮೀನ? ನಾಳಿ ನೀನೂ ಹೊಂಡ. ಹುಡುಗೂರ್ನ ನಾ ನೋಡಕೋತೇನಿ.”

ಕಾಕು ಮರುದಿನ ಹೋದಳು. ಒಂದು ವಾರವಿದ್ದು ಬಂದಳು. ಆ ವಾರ ಆಯಿ ಮಾಡಿದ ರೊಟ್ಟಿಯ ಅಂಚು ದಪ್ಪಗಿರುತ್ತಿತ್ತು ಎಂಬುದನ್ನು ಬಿಟ್ಟರೆ ನಮಗೇನೂ ವ್ಯತ್ಯಾಸವಾಗಲಿಲ್ಲ.

ಈ ಬೇಸಿಗೆ, ಕಾಕು ಗೋಕಾಕಕ್ಕೆ ಬಂದ ಮೂರನೆಯ ದಿನವೋ ಏನೋ, ನನ್ನ ಮಗಳು ಆ ಹಳೆಯ ಧಾರಾವಾಹಿಯನ್ನು ಫೋನಿನಲ್ಲಿ ಹುಡುಕಿ ಟಿವಿಗೆ ಹಾಕಿದಳು. ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಮುಚ್ಚಿದ್ದೆವು. ಕಾಕು ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು ಸೋಫಾದಲ್ಲಿದ್ದಳು. ನಾನು ನೆಲದ ಮೇಲೆ ಅರ್ಧ ಮಲಗಿದ್ದೆ. ಧಾರವಾಡದ ಹಾಸ್ಟೆಲಿನಲ್ಲಿ ಬೆಳಗಾವಿ ಕಡೆಯ ಮರಾಠಿ ಹುಡುಗಿಯರ ಜೊತೆ ಇದ್ದು ಇದ್ದು ನನಗೆ ಮರಾಠಿ ಬಂದಿದೆ. ಸಂಚಿಕೆಯ ಮೇಲೆ ಸಂಚಿಕೆ ಹೋಗಿ, ಆ ಚೀಲ, ಆ ಬಾಗಿಲು, ಆ ಚಾಚಿದ ಕೈ ಬಂದವು. ನತ್ತಿನಾಕಿ ಕಿರುಚಿದಳು: “ಚಾಲತಿ ಹೋ!”

ನಡೆ ಆಚೆಗೆ ಎಂದು. ಮನೆಯಿಂದ ಹೊರಗೆ ಹಾಕುತ್ತಿದ್ದಾಳೆ. ಸೊಸೆ “ಆಯಿ, ಆಯಿ” ಎಂದು ಕಾಲು ಹಿಡಿಯಲು ಬಗ್ಗುತ್ತಿದ್ದಾಳೆ.

ನಾನು ಎದ್ದು ಕೂತು ನಗತೊಡಗಿದೆ. “ಬಸ್ಸ ತಪ್ಪತೈತಿ ಅಂದ್ಯಲ್ಲ ಕಾಕು!”

ಕಾಕು ನಗಲಿಲ್ಲ. ಮಗಳಿಗೆ ಆವಾಜ ಕಡಿಮೆ ಮಾಡಲು ಹೇಳಿದಳು.

“ಅವತ್ತ ನನ್ನ ಎದಿ ಹೆಂಗ ಹೊಡಕೋತಿತ್ತಂತಿ. ನಿಮ್ಮ ಕಾಕಾಗ ಮರಾಠಿ ತಿಳೀತಿತ್ತು, ಅವರರ ಬಂದಿದ್ರ ಅಲ್ಲೇ ಸಿಕ್ಕ ಬೀಳತಿದ್ದೆ.”

“ಹೋಗಿ ಬಂದ್ಯಲ್ಲ, ಮುಗೀತಲ್ಲ.”

“ಎಲ್ಲಿ ಮುಗೀತವಾ. ತವರಾಗ ಕುಂತ್ರೂ ಸುಳ್ಳ ಹೇಳಿ ಬಂದೇನಿ ಅನಸ್ತಿತ್ತು. ಮುದುಕಿನ್ನ ಮೋಸ ಮಾಡಿ ತಗೊಂಡ ಸೂಟಿ. ಅದಕ್ಕ ಮುಂದ ಕೇಳಾಕ ಹೋಗ್ಲಿಲ್ಲ. ಕೇಳಿದ್ರ ಹಿಂದಿಂದೂ ಹೊರಗ ಬೀಳತೈತಿ ಅಂತ.”

“ಒಮ್ಮೆನೂ ಕೇಳ್ಲಿಲ್ಲ?”

“ನಿಮ್ಮಾಯಿ ಇರೂತನಾ ಇಲ್ಲ. ಆಕಿ ಹೋದಮ್ಯಾಲೆ ಕೇಳಾಕ ಯಾರಿದ್ರು? ಅಷ್ಟರಾಗ ನಮ್ಮ ಅಕ್ಕತಂಗೇರಿಗೂ ಸೊಸ್ತೇರು ಬಂದಿದ್ರು. ಮೇದಾಗ ಅಕ್ಕತಂಗೇರೂ ತವರಿಗೆ ಹೊಂಡೂದು ಬಿಟ್ರು.”

ನಾನು ಟಿವಿಯ ಕಡೆ ನೋಡುತ್ತ ಕೂತೆ. ಎರಡು ನೆನಪುಗಳು ಬಂದವು. ಅವುಗಳನ್ನು ನಂಬಬೇಕೋ ಬೇಡವೋ ಎಂದು ಅವತ್ತಿನಿಂದ ತಿರುವಿ ಹಾಕುತ್ತಿದ್ದೇನೆ.

ಒಂದು, ಕಾಕು ಊರಿಗೆ ಹೊರಟ ಬೆಳಿಗ್ಗೆಯದು. ಅವಳು ಚೀಲ ಹಿಡಿದು ಹೊಸ್ತಿಲ ಹತ್ತಿರ ತಡೆದು ನಿಂತಾಗ ಆಯಿ ಬಾಗಿಲ ಕಡೆ ಕೈ ಚಾಚಿ, ನತ್ತಿನಾಕಿಯ ಹಾಗೆಯೇ ಹುಬ್ಬು ಏರಿಸಿ, “ಲಗೂನ ಹೊಂಡು, ಬಸ್ಸ ತಪ್ಪತೈತಿ” ಎಂದಳು. ಬಸ್ಸಿಗೆ ಹೊರಟವರಿಗೆ ಯಾರಾದರೂ ಹೇಳುವ ಮಾತೇ ಅದು. ಕೈ ಚಾಚಿದ್ದನ್ನು ನಾನೇ ಸೇರಿಸಿದ್ದೇನೋ ಏನೋ.

ಇನ್ನೊಂದು, ಕಾಕು ಇಲ್ಲದ ವಾರದ್ದು. ಹೇಳುವವರಿಲ್ಲದಿದ್ದರೂ ಆಯಿ ಟಿವಿ ಹಚ್ಚಿದ್ದಳು. ಸೊಸೆ ಯಾವುದೋ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಆಯಿ ಬಾಯೊಳಗೇ, “ಹಾಳಾಗಿ ಹೋಗ ನತ್ತಿನಾಕಿ, ಎಂಥಾ ಹುಡುಗಿನ್ನ ಬೀದಿಗೆ ತಂದಿ” ಎಂದಳು. ನಾನು, “ಆಕಿ ತವರಿಗೆ ಹೋಗ್ಯಾಳಲ್ಲ ಆಯಿ?” ಎಂದೆ. “ಹೌದ್ಹೌದು, ತವರಾಗ ಅದಾಳ. ನೀ ಪುಸ್ತಕ ಓದ” ಎಂದಳು. ಇದು ಇಷ್ಟು ಸ್ಪಷ್ಟವಾಗಿರುವುದೇ ನನಗೆ ಅನುಮಾನ. ಇದೂ ಹೊಲಿಗೆ ಯಂತ್ರದಂಥದ್ದೇ ಇರಬಹುದು, ಟಿವಿಯ ಕೆಳಗೆ ನಾನೇ ತಂದಿಟ್ಟದ್ದು.

ಆದರೆ ಬಳೆಗಾರ್ತಿಯ ವಿಷಯದಲ್ಲಿ ನನಗೆ ಸಂಶಯವಿಲ್ಲ. ಸಂಕೇಶ್ವರದಿಂದ ಬರುತ್ತಿದ್ದ ಆ ಹೆಂಗಸು ಮಾತಾಡುತ್ತಿದ್ದದ್ದು ಬರೀ ಮರಾಠಿ. ಆಯಿ ಅವಳಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಎಷ್ಟೋ ಹೊತ್ತು ಮಾತಾಡುತ್ತಿದ್ದರು. ನಡುವೆ ಯಾರೂ ಹೇಳಿಕೊಡುತ್ತಿರಲಿಲ್ಲ. ಕಾಕು ಆ ಹೊತ್ತಿಗೆ ಒಳಗೆ ಒಲೆಯ ಮುಂದೆ ಇರುತ್ತಿದ್ದಳು.

ಕೇಳಬಾರದಿತ್ತೇನೋ. ಆಯಿಗೆ ಎಲ್ಲ ತಿಳಿದಿತ್ತು ಎಂದಾದರೆ ಆ ವಾರ ಕಾಕು ಕದ್ದದ್ದಲ್ಲ, ಆಯಿ ಕೊಟ್ಟದ್ದು. ಹಾಗಾದರೆ ಆಮೇಲಿನ ಅಷ್ಟೂ ಮೇ ತಿಂಗಳು ಕೇಳದೆ ಉಳಿದದ್ದು ಸುಮ್ಮನೆ. ದಣಿದಿದ್ದೆ, ಮಾತನ್ನು ತೂಗಿ ಆಡುವಷ್ಟು ತ್ರಾಣ ಇರಲಿಲ್ಲ. ಮಗಳು ಟಿವಿ ಆರಿಸಿ ಒಳಗೆ ಹೋದ ಮೇಲೆ ಕೇಳಿಬಿಟ್ಟೆ. ಕಾಕು ದಿಂಬನ್ನು ಸರಿಮಾಡಿಕೊಂಡು ಸ್ಟೂಲಿನ ಮೇಲಿದ್ದ ಕಲೆಯಾದ ಕಾದಂಬರಿಯನ್ನು ತೋರಿಸಿದಳು.

“ಅದನ್ನರ ಓದ ಸ್ವಲ್ಪ. ಎಷ್ಟ ವರ್ಷಾತು ನೀ ಓದಿದ್ದ ಕೇಳಿ.”

ಓದಿದೆ. ಮೊದಲ ಪುಟದಲ್ಲೇ ಒಂದು ಹೊಳೆಯ ವರ್ಣನೆ ಇತ್ತು, ಹಾರಿಸಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ವಾರದ ಕೊನೆಗೆ ಹುಕ್ಕೇರಿಗೆ ಹೋದಳು. ಈಗ ಫೋನು ಮಾಡಿದರೆ ಮೊಣಕಾಲು, ಮಳೆ, ಮಗಳ ಕಾಲೇಜು ಎಲ್ಲ ಮಾತಾಡುತ್ತಾಳೆ. ಅದೊಂದು ಮಾತಿಗೆ ಮಾತ್ರ ಬರುವುದಿಲ್ಲ, ನಾನೂ ಮತ್ತೆ ಎತ್ತಿಲ್ಲ. ಆ ಮಧ್ಯಾಹ್ನ ನಾನು ಕೇಳಿದ್ದು ಇಷ್ಟೇ:

“ಕಾಕು, ಆಯಿಗೆ ಮರಾಠಿ ತಿಳೀತಿತ್ತೇನ?”