ಮಾಳಿಗೆ ಮನೆಗಳ ಕಡಲೂರು

ನಾನು ಕಡಲು ನೋಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗ ನನ್ನ ಹೊಟ್ಟೆ ಉರಿದದ್ದೆಲ್ಲ ಈ ಒಂದು ಮಾತಿಗೇ.

ಎರಡು ಸಾವಿರದ ಏಳೆಂಟರ ಸುಮಾರು. ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರು. ಆ ವರ್ಷ ರೋಣ ತಾಲೂಕಿನ ಡ್ರಾಯಿಂಗ್ ಶಿಕ್ಷಕರಿಗೆಲ್ಲ ಒಂದು ಸ್ಪರ್ಧೆ ಇಟ್ಟಿದ್ದರು. ವಿಷಯ, ಕಡಲ ತೀರದ ಊರು. ಎರೆಹೊಲದ ನಡುವೆ ಬದುಕುವವರಿಗೆ ಇಂಥ ವಿಷಯ ಕೊಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನಾನಂತೂ ಹಟಕ್ಕೆ ಬಿದ್ದು ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಮೂರು ದಿನ ಉಸುಕಿನಲ್ಲಿ ಕೂತು ದೋಣಿ, ತೆಂಗು, ಕೆಂಪು ಹಂಚಿನ ಇಳಿಜಾರು ಮನೆ ಎಲ್ಲವನ್ನೂ ಬರೆದುಕೊಂಡು ಬಂದೆ. ಬಿಸಿಲಿಗೆ ಮೂಗಿನ ಚರ್ಮ ಸುಲಿದುಹೋಗಿತ್ತು.

ಮೊದಲ ಬಹುಮಾನ ರಾಜೂರಿನ ಶಾಲೆಯ ಡ್ರಾಯಿಂಗ್ ಮಾಸ್ತರನಿಗೆ ಬಂತು. ನನಗಿಂತ ಹತ್ತು ವರ್ಷ ಚಿಕ್ಕವನು. ಹುಟ್ಟಿ ಬೆಳೆದದ್ದು ಮಲಪ್ರಭೆಯ ದಂಡೆಯ ಹೊಳೆಮಣ್ಣೂರಿನಲ್ಲಿ, ಸಮುದ್ರವನ್ನು ಕಣ್ಣಿನಿಂದ ಕಂಡವನಲ್ಲ. ನನಗೆ ಸಮಾಧಾನಕರ ಬಹುಮಾನ. ಆ ಹೆಸರನ್ನು ಕಂಡುಹಿಡಿದವರಿಗೆ ಜನ್ಮದಲ್ಲಿ ಸಮಾಧಾನ ಸಿಗದಿರಲಿ.

ಸಾಲದ್ದಕ್ಕೆ ಚಿತ್ರಗಳ ಪ್ರದರ್ಶನ ನಮ್ಮ ಶಾಲೆಯಲ್ಲೇ. ಹೆಡ್ ಮಾಸ್ತರು ನನ್ನನ್ನೇ ಕರೆದರು.

"ಅಕ್ಕೋರ, ನೀವು ಭಾಳ ಚಲೋ ತಿಳಿಸಿ ಹೇಳ್ತೀರಿ. ಮೊದಲನೇ ನಂಬರಿನ ಚಿತ್ರ ಮಂದಿಗೆ ಸ್ವಲ್ಪ ಬಿಡಿಸಿ ಹೇಳ್ರಿ."

ಬಿಡುತ್ತೇನೆಯೇ? ಕೈಯಲ್ಲಿ ಕೋಲು ಹಿಡಿದು ನಿಂತೆ. ರಾಜೂರಿನ ಮಾಸ್ತರ ಮಕ್ಕಳ ಹಿಂದೆ ಕೈಕಟ್ಟಿಕೊಂಡು ನಿಂತಿದ್ದ.

"ನೋಡ್ರಿ, ಇವು ನಮ್ಮ ಕಡಿ ಮ್ಯಾಲ ಸಪಾಟ ಇರೋ ಮಣ್ಣಿನ ಮಾಳಗಿ ಮನಿ. ಸಮುದ್ರದ ಕಡಿ ಮಳ್ಯಾಗ ಇವು ಒಂದ್ ವಾರ ತಡಿಯಂಗಿಲ್ಲ. ನೀರಿಗೆ ರಾಡಿ ಬಣ್ಣ ಹಚ್ಯಾರ. ಸಮುದ್ರ ಹಿಂಗ ಇರಂಗಿಲ್ಲ, ನಾ ನೋಡೀನಿ. ಇನ್ನ ಮಾಳಗಿ ಮ್ಯಾಲಿನ ಈ ಬಿಳಿ ಹಕ್ಕಿ, ಬಾಜೂಕ ಕುಂತ ಹೆಣ್ಮಗಳ ಹೆಗಲಿಗೆ ಬರ್ತದ. ಅಳತಿ ತಪ್ಪೇತಿ."

ಕೆಲವರು ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ಅದೇ ಹೊತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಳು. ಅವಳ ತವರೂ ಹೊಳೆಮಣ್ಣೂರು. ಮಕ್ಕಳನ್ನು ಸರಿಸಿ ಚಿತ್ರದ ಮುಂದೆ ಬಂದು ನಿಂತಳು.

"ಅಕ್ಕೋರ, ಅದು ಹಕ್ಕಿ ಅಲ್ರಿ, ಆಡಿನ ಮರಿ. ಹೋದ ಮಳಿಗಾಲದಾಗ ನಾ ತವರಮನ್ಯಾಗ ಇದ್ದಾಗ ಹೊಳಿ ಊರೊಳಗ ಬಂತು. ಎಲ್ಲಾರೂ ಮಾಳಗಿ ಏರಿದ್ವಿ. ನಮ್ಮವ್ವ ಮಾಳಗಿ ನಡುವಿನ ಬೆಳಕಿಂಡಿಗೆ ಕಲ್ಲು ಮುಚ್ಚಿ, ಮರಿನ ಅದರ ಮ್ಯಾಲ ನಿಂದ್ರಿಸಿದ್ಲು, ಹಿಂಗ. ನೀರೂ ಹಿಂಗ ಇತ್ರಿ, ಆಚಿ ದಂಡಿನೂ ಕಾಣ್ತಿದ್ದಿಲ್ಲ."

ರಾಜೂರಿನ ಮಾಸ್ತರ ಆಗ ಬಾಯಿ ಬಿಟ್ಟ. "ಹೌದ ಯಕ್ಕಾ, ನಾ ಕಂಡ ಸಮುದ್ರ ಅದೊಂದ."

ಮಂದಿಯೆಲ್ಲ ಮುಂದಕ್ಕೆ ಬಂದು ಚಿತ್ರವನ್ನು ಮುತ್ತಿಕೊಂಡರು. ಮಾಳಿಗೆಯ ಮೇಲೆ ಯಾರ್ಯಾರು ಕೂತಿದ್ದಾರೆ, ಕಾಳಿನ ಚೀಲ ಎಲ್ಲಿದೆ ಎಂದು ಬೆರಳಿಟ್ಟು ಹುಡುಕತೊಡಗಿದರು. ನಾನು ಕೋಲು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದೆ.

ನನಗೆ ನಾಚಿಕೆಯಾಗಬೇಕಿತ್ತು. ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯಿತು. ಬಹುಮಾನ ಹೋದಾಗಲೂ ಅಷ್ಟು ಉರಿದಿರಲಿಲ್ಲ. ನನ್ನ ಯಾವ ಚಿತ್ರದ ಮೇಲೂ ಯಾರೂ ಹಾಗೆ ಬೆರಳಿಟ್ಟಿರಲಿಲ್ಲ.

ಅಡುಗೆಯಾಕೆ ಹೊರಗೆ ಹೋಗುವಾಗ ಬಾಗಿಲ ಪಕ್ಕದ ನನ್ನ ಚಿತ್ರದ ಮುಂದೆ ನಿಂತಳು.

"ಇದು ಯಾರದ್ರೀ?"

"ನಂದು" ಎಂದೆ.

ಅವಳು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನೋಡಿದಳು. ನನ್ನ ಮುಖ ಕಂಡು ಕರುಳು ಚುರ್ ಎಂದಿರಬೇಕು.

"ಭಾಳ ಚಲೋ ಐತ್ರಿ ಅಕ್ಕೋರ. ಕ್ಯಾಲೆಂಡರದಾಗ ಇರ್ತಾವಲ್ರಿ, ಥೇಟ್ ಹಂಗ ಐತಿ" ಎಂದು, ಒಲೆಯ ಮೇಲಿನ ಅನ್ನ ನೋಡಲು ಹೋದಳು.