ಮರವಿಲ್ಲದ ಗುಂಡುತೋಪು

ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ದಾರಿಯಲ್ಲಿ, ಬಂಡೆಗಳ ನಡುವೆ ಒಂದು ದಿನ್ನೆಯಿತ್ತು. ಹೈದರನ ಕಾಲದ ಯುದ್ಧದಲ್ಲಿ ಅಲ್ಲಿ ಫಿರಂಗಿ ಹೂಡಿದ್ದರು. ಎದೆಮಟ್ಟದ ಕಲ್ಲುಗೋಡೆ, ಅದರ ಕಂಡಿಗಳಲ್ಲಿ ಮೂಡಲಿಗೆ ಬಾಯಿ ಮಾಡಿದ ಎರಡು ಕಬ್ಬಿಣದ ಫಿರಂಗಿ, ಪಕ್ಕದಲ್ಲಿ ಹನ್ನೊಂದು ಗುಂಡು. ಉಳಿದದ್ದು ಇಷ್ಟೇ. ಫಿರಂಗಿಗಳು ಹೈದರನವೋ ಇಂಗ್ಲಿಷರವೋ ಎಂಬುದು ಊರಿನಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. 1934ರಲ್ಲಿ ಸರ್ಕಾರ ಸುತ್ತಲೂ ಮುಳ್ಳುತಂತಿ ಹಾಕಿಸಿ, ಊರಿನ ಚನ್ನರಾಯಪ್ಪನನ್ನು ಕಾವಲಿಗೆ ನೇಮಿಸಿತು.

ಆ ಕೆಲಸಕ್ಕೆ ಅವನಿಗಿಂತ ತಕ್ಕವನು ಸಿಗುತ್ತಿರಲಿಲ್ಲ. ಚನ್ನರಾಯಪ್ಪ ಹುಟ್ಟಾ ಅನುಮಾನದ ಮನುಷ್ಯ. ಕುರಿ ಕಾಯುವವನು ತಂತಿಯ ಹತ್ತಿರ ಸುಳಿದರೆ, ಅವನ ಕಣ್ಣಿಗೆ ಗೋಡೆಯ ಕಲ್ಲು ಸಡಿಲಿಸಲು ಬಂದವನು. ದಾರಿಹೋಕ ಹೆಂಗಸು ಒಂದು ಗಳಿಗೆ ನಿಂತು ನೋಡಿದರೆ, "ಏನಮ್ಮಾ, ಮನೇಲಿ ಖಾರ ಅರೆಯೋಕೆ ಗುಂಡುಕಲ್ಲು ಇಲ್ವಾ?" ಎಂದು ತಂತಿಯ ಒಳಗಿನಿಂದಲೇ ಕೇಳುತ್ತಿದ್ದ. ಗಾಣದ ಪೆದ್ದಪ್ಪ ಒಮ್ಮೆ ಮಾತಿನ ನಡುವೆ, "ಒಂದೊಂದು ಗುಂಡು ಎಷ್ಟು ತೂಗುತ್ತೋ?" ಎಂದಿದ್ದಕ್ಕೆ ಒಂದು ವರ್ಷ ಅವನ ಗಾಣದ ಎಣ್ಣೆ ಚನ್ನರಾಯಪ್ಪನ ಮನೆಗೆ ಬರಲಿಲ್ಲ.

"ನಿಂಗೆ ನಿನ್ ನೆರಳ್ ಮ್ಯಾಲೂ ಅನುಮಾನ," ಎಂದು ಹೆಂಡತಿ ಮುನಿಗಂಗಮ್ಮ ಹಂಗಿಸುತ್ತಿದ್ದಳು. "ಅದರ ಹೆಸರೂ ಊರೂ ಬರ್ಕೊಂಡು ಬಿಡು."

ತಾಯಲೂರಿನಲ್ಲಿ ನಾಲ್ಕು ತರಗತಿ ಓದಿದ್ದ ಚನ್ನರಾಯಪ್ಪ ತಿಂಗಳಿಗೊಂದು ಕಾರ್ಡನ್ನು ತನ್ನ ಮೇಲಧಿಕಾರಿಗಳಿಗೆ ಬರೆಯಬೇಕಿತ್ತು. ಆ ಸೀಮೆಯ ಜನರ ಬಾಯಲ್ಲಿ ಫಿರಂಗಿಗೆ ತೋಪು ಎಂದೇ ಹೆಸರು. ಅವನೂ ಹಾಗೆಯೇ ಬರೆಯುತ್ತಿದ್ದ: "ತೋಪು ಎರಡು. ಗುಂಡು ಹನ್ನೊಂದು. ಎಲ್ಲ ಭದ್ರವಾಗಿವೆ. ಯಾರ ಕೈಗೂ ಕೊಟ್ಟಿಲ್ಲ." ಕೊನೆಯ ಮಾತನ್ನು ಬರೆಯೆಂದು ಯಾರೂ ಹೇಳಿರಲಿಲ್ಲ. ಮೇಲಿನವರಿಗೆ ತನ್ನ ಮೇಲೆ ಅನುಮಾನವಿರಬಹುದೆಂದು ಅನುಮಾನಪಟ್ಟು ಅವನೇ ಸೇರಿಸಿದ್ದು.

ಎಂಟು ವರ್ಷ ಆ ಕಾರ್ಡು ಯಾರನ್ನೂ ಬೆಚ್ಚಿಬೀಳಿಸಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಬೆಚ್ಚಿಬೀಳಿಸಿತು. ಚಳವಳಿಯ ಕಾವು ಏರಿತ್ತು. ಟೆಲಿಗ್ರಾಫ್ ತಂತಿ ಕತ್ತರಿಸುವವರ ಸುದ್ದಿ, ಗುಟ್ಟಾಗಿ ಹಂಚುವ ಕರಪತ್ರಗಳ ಸುದ್ದಿ ದಿನಕ್ಕೊಂದು ಬರುತ್ತಿತ್ತು. ಟಪಾಲಿನ ಮೇಲೆ ಪೊಲೀಸರು ಕಣ್ಣಿಟ್ಟಿದ್ದರು. ಒಂದು ಬೆಳಿಗ್ಗೆ ದಫೇದಾರ ವೆಂಕಟರಾಯಪ್ಪ ಸೈಕಲ್ಲನ್ನು ದಿನ್ನೆಯ ಕೆಳಗೆ ಒರಗಿಸಿ ಹತ್ತಿ ಬಂದ. ಮೈಸೂರು ಕಡೆಯವನು, ಈ ಸೀಮೆಗೆ ಹೊಸಬ.

"ತೋಪು ಎಲ್ಲಯ್ಯಾ?"

"ಇದೇ ಸ್ವಾಮಿ."

ದಫೇದಾರ ಸುತ್ತ ನೋಡಿದ. ಬರುವ ದಾರಿಯಲ್ಲಿ ಅವನು ಶ್ಯಾನುಭೋಗರ ಪುಸ್ತಕ ತೆಗೆಸಿದ್ದ. ಅದರಲ್ಲಿ ಈ ಜಾಗಕ್ಕೆ "ಗುಂಡುತೋಪು, ಸರ್ಕಾರಿ" ಎಂದಿತ್ತು. ಗುಂಡುತೋಪು ಎಂದರೆ ಊರವರ ನೆರಳಿಗೆಂದು ಹುಣಸೆ, ಹೊಂಗೆ ಬೆಳೆಸಿದ ಜಾಗ. ಸುತ್ತಲಿನ ಊರುಗಳಲ್ಲೆಲ್ಲ ಒಂದೊಂದಿದೆ. ಹಿಂದೆ ಯಾರೋ ಗುಮಾಸ್ತ ಗುಂಡು, ತೋಪು ಎಂದು ಕೇಳಿಸಿಕೊಂಡು ಎರಡನ್ನೂ ಕೂಡಿಸಿ ಬರೆದು ಹೋಗಿದ್ದ.

"ಮರಗಳೆಲ್ಲಿ?"

"ಮರ ಯಾವತ್ತೂ ಇರಲಿಲ್ಲ ಸ್ವಾಮಿ."

"ಮರ ಇಲ್ಲದ ತೋಪು ಉಂಟೇನೋ? ಕಡಿದು ಮಾಲೂರಿನ ಇಟ್ಟಿಗೆ ಗೂಡಿಗೆ ಸಾಗಿಸಿಬಿಟ್ಟೆಯಾ?"

"ಇದು ಆ ತೋಪಲ್ಲ ಸ್ವಾಮಿ. ಹೊಡೆಯೋ ತೋಪು."

ಅಂದ ಮೇಲೆ ಚನ್ನರಾಯಪ್ಪನಿಗೆ ಅನ್ನಬಾರದಿತ್ತು ಎನ್ನಿಸಿತು. ದಫೇದಾರ ಜೇಬಿನಿಂದ ಒಂದು ಕಾರ್ಡು ತೆಗೆದ. ಆ ತಿಂಗಳು ಬರೆದದ್ದೇ.

"ಹೊಡೆಯೋ ತೋಪು ಎರಡು, ಗುಂಡು ಹನ್ನೊಂದು. ಇನ್ನೂ ಯಾರ ಕೈಗೂ ಕೊಟ್ಟಿಲ್ಲ. ಯಾರು ಬರಲಿ ಅಂತ ಇಟ್ಟುಕೊಂಡಿದ್ದೀಯ?"

ನೆರಳಿನ ತೋಪು ಎಂದರೆ ಅವನು ಮರಗಳ್ಳ. ಹೊಡೆಯುವ ತೋಪು ಎಂದರೆ ಸರ್ಕಾರದ ವೈರಿ. ಯಾವ ಕಡೆ ವಾಲಿದರೂ ಕೆಲಸ ಹೋಗುವುದು ನಿಜ. ಠಾಣೆಗೆ ನಡೆ ಎಂದರೆ ನಡೆಯಬೇಕು. ಈ ದಿನಗಳಲ್ಲಿ ಹೋದವರು ಯಾವಾಗ ಬರುತ್ತಾರೆಂದು ಯಾರೂ ಹೇಳುತ್ತಿರಲಿಲ್ಲ.

ಚನ್ನರಾಯಪ್ಪ ದಫೇದಾರನನ್ನು ಕಂಡಿಯ ಹತ್ತಿರ ಕರೆದೊಯ್ದ. ಬಲಗಡೆಯ ಫಿರಂಗಿಯ ಬಾಯಿ ಕಂಠದವರೆಗೆ ಮಣ್ಣು ಕಟ್ಟಿತ್ತು. ಎಡಗಡೆಯದು ತೆರೆದಿತ್ತು.

"ನೂರೈವತ್ತು ವರ್ಷಕ್ಕೂ ಹಿಂದಿಂದು ಸ್ವಾಮಿ. ಸಿಡಿಯಲ್ಲ."

"ಮದ್ದು ತುಂಬಿದ್ದೀಯೇನೋ. ಕೈ ಹಾಕು."

ಚನ್ನರಾಯಪ್ಪ ಮಂಡಿಯೂರಿ ಭುಜದವರೆಗೆ ತೋಳು ತೂರಿಸಿದ. ಒಣಹುಲ್ಲು ಸಿಕ್ಕಿತು. ಅದರ ಆಚೆ ಬೆರಳ ತುದಿಗೆ ಕಾಗದ ತಗುಲಿತು. ದಾರ ಕಟ್ಟಿದ ಕಟ್ಟು, ಇನ್ನೂ ಗರಿಗರಿ. ಅದು ಎಂಥ ಕಾಗದವೆಂದು ಆ ತಿಂಗಳು ಯಾರಿಗೂ ಹೇಳಿಕೊಡಬೇಕಿರಲಿಲ್ಲ.

ಎಂಟು ವರ್ಷ ಅವನು ಒಳಗಿನದು ಹೊರಗೆ ಹೋಗದಂತೆ ಕಾದಿದ್ದ. ಹೊರಗಿನಿಂದ ಏನಾದರೂ ಒಳಗೆ ಬಂದೀತೆಂದು ಒಂದು ದಿನವೂ ಅನುಮಾನಿಸಿರಲಿಲ್ಲ.

"ಏನದು?" ದಫೇದಾರ ಬಗ್ಗಿದ.

"ಹುಲ್ಲು ಸ್ವಾಮಿ. ಗುಬ್ಬಿಗೂಡು." ಒಂದು ಹಿಡಿ ಹುಲ್ಲನ್ನು ಎಳೆದು ನೆಲಕ್ಕೆ ಹಾಕಿದ. "ಹೋದ ತಿಂಗಳು ಹಾವು ಪೊರೆ ಬಿಟ್ಟಿತ್ತು. ತಾವೂ ಒಂದ್ಸಲ ಕೈಯಾಡ್ಸಿ ನೋಡ್ತೀರಾ?"

ದಫೇದಾರ ಅವನ ಮುಖವನ್ನು ತುಸು ಹೊತ್ತು ನೋಡಿದ. ಆಮೇಲೆ ತನ್ನ ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ನೋಡಿಕೊಂಡ.

"ಬೇಡ." ಪುಸ್ತಕ ತೆಗೆದು ಬರೆದ: ತೋಪಿನಲ್ಲಿ ಮರವೂ ಇಲ್ಲ, ಮದ್ದೂ ಇಲ್ಲ. "ಇನ್ನು ಮೇಲೆ ತೋಪು ಗೀಪು ಅಂತ ಬರೀಬೇಡ. ಫಿರಂಗಿ ಅಂತ ಬರಿ."

"ಫಿರಂಗಿ ಅಂದ್ರೆ ಬಿಳಿಯರು ಅಂತಾನೂ ಆಗುತ್ತಲ್ಲ ಸ್ವಾಮಿ. 'ಫಿರಂಗಿ ಎರಡು, ಭದ್ರವಾಗಿವೆ' ಅಂತ ಬರೆದ್ರೆ, ಇಬ್ಬರು ದೊರೆಗಳ್ನ ಹಿಡಿದು ಕೂಡಿ ಹಾಕಿದ್ದೀನಿ ಅಂತ ಇನ್ನೊಬ್ಬರು ಬರ್ತಾರೆ."

ದಫೇದಾರನಿಗೆ ನಗು ಬಂತು, ತಡೆದುಕೊಂಡ. "ಕಬ್ಬಿಣದ್ದು ಅಂತ ಸೇರಿಸಿ ಸಾಯಿ," ಎಂದು ಇಳಿದು ಹೋದ. ಸೈಕಲ್ಲು ಬಂಡೆಗಳಾಚೆ ಮರೆಯಾಗುವವರೆಗೂ ಚನ್ನರಾಯಪ್ಪ ಎಡಗಡೆಯ ಫಿರಂಗಿಯ ಕಡೆ ತಿರುಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋಗುವಾಗ, ಕಟ್ಟು ಇಟ್ಟವರು ಯಾರಿರಬಹುದೆಂದು ಒಬ್ಬೊಬ್ಬರನ್ನೇ ನೆನೆದ. ಕುರಿಯವನಿಗೆ ಅಕ್ಷರವೇ ಬಾರದು. ಪೆದ್ದಪ್ಪನ ದಪ್ಪ ತೋಳು ಆ ಬಾಯೊಳಗೆ ಹೋಗದು. ಉಳಿದವರು ತಂತಿ ದಾಟಿದರೆ ಅವನಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ಮನೆಗೆ ಬಂದು ಗೋಡೆಗೊರಗಿ ಕುಳಿತ. ಮುನಿಗಂಗಮ್ಮ ಮುದ್ದೆಯಿಟ್ಟು ಸಾರು ಬಿಟ್ಟಳು.

"ದಫೇದಾರ ಬಂದಿದ್ದ. ಹೋದ," ಎಂದ. ಅಷ್ಟೇ ಹೇಳಿದ್ದು.

ಅವಳು ಒಲೆಯ ಕಡೆ ತಿರುಗಿ ಬೂದಿ ಕೆದಕಿದಳು. ಕೆದಕುತ್ತಲೇ ಕೇಳಿದಳು: "ಎಡಗಡೆದಕ್ಕೆ ಕೈ ಹಾಕಿದ್ದು ಅವನಾ, ನೀನಾ?"

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಕೈ ಹಾಕಿದ ವಿಷಯವನ್ನೇ ಅವನು ಎತ್ತಿರಲಿಲ್ಲ. ಅವಳ ತಮ್ಮ ಮುನಿಯಲ್ಲಪ್ಪ ಕೋಲಾರದ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವನು. ಮೂರು ವಾರದಿಂದ ಎಲ್ಲಿದ್ದಾನೋ ತಿಳಿಯದು. ದಿನಾ ಬೆಳಗಿನ ಬುತ್ತಿ ಹೊತ್ತು ತಂತಿಯೊಳಗೆ ಬರುತ್ತಿದ್ದವಳು ಇವಳೊಬ್ಬಳೇ. ಬುತ್ತಿಯ ಪುಟ್ಟಿಯೊಳಗೆ ಅವನು ಎಂದೂ ಇಣುಕಿರಲಿಲ್ಲ.

ಎಂದಿನಿಂದ? ಎಷ್ಟು ಸಲ? ತಕ್ಕೊಂಡು ಹೋಗುವವರು ಯಾರು? ಎಲ್ಲ ಪ್ರಶ್ನೆಗಳೂ ನಾಲಗೆಯ ತುದಿಗೆ ಬಂದವು. ಗುರುತಿಲ್ಲದ ದಾರಿಹೋಕರನ್ನೂ ಕೇಳದೆ ಬಿಟ್ಟವನಲ್ಲ ಅವನು. ಆದರೆ ಗೊತ್ತಾದರೆ ಬರೆಯಬೇಕಾಗುತ್ತದೆ. ಬರೆಯದಿದ್ದರೆ ಕಾರ್ಡು ಸುಳ್ಳಾಗುತ್ತದೆ. ಇವತ್ತು ಬಾಯಲ್ಲಿ ಸುಳ್ಳಾಡಿದ್ದಾಗಿತ್ತು. ಬರೆದದ್ದು ಒಂದೂ ಸುಳ್ಳಾಗಿರಲಿಲ್ಲ.

"ನಾನೇ," ಎಂದ.

"ಸದ್ಯ," ಎಂದು ಅವಳು ಇನ್ನೊಂದು ಸೌಟು ಸಾರು ಬಿಟ್ಟಳು. "ಇವತ್ತು ನಾನು ಸೊಪ್ಪು ಕೀಳೋಕೆ ದಿನ್ನೆ ಕಡೆ ಹೋಗ್ತೀನಿ."

"ಇವಾಗ್ಲೇ ಹೋಗು. ನಾನು ತಾಯಲೂರಿಗೆ ಹೋಗ್ಬರ್ತೀನಿ. ಹೊತ್ತಾಗುತ್ತೆ."

ಕೈ ತೊಳೆದು ಅಂಗಿ ತೊಟ್ಟು, ದಿನ್ನೆಯ ಕಡೆಗೆ ಬೆನ್ನು ಮಾಡಿ ನಡೆದ. ತಾಯಲೂರಿನಲ್ಲಿ ಅವನಿಗೆ ಆ ದಿನ ಯಾವ ಕೆಲಸವೂ ಇರಲಿಲ್ಲ.